ಮೂಡಬಿದಿರೆಯ ಧವಳಾ ಗ್ರಂಥಗಳು ಮತ್ತು ಶಾಸ್ತ್ರಪೂಜೆ: ಒಂದು ವಿಮರ್ಶೆ

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದು ಅಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಳಾ, ಜಯಧವಳಾ, ಮಹಾಧವಳಾ ಎಂಬ ತಾಳೆಗರಿಯ ಗ್ರಂಥಗಳಿಂದ. ಪುಷ್ಪದಂತ-ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಟೀಕೆಯೇ ಧವಳಾ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡದ್ದು. ಯಾತ್ರಿಕರು ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು, ಓದಬಲ್ಲವರು ವಿರಳ. ಪೂಜೆಯು ಗ್ರಂಥವನ್ನು ಪೆಟ್ಟಿಗೆಯಲ್ಲಿ ಬಂಧಿಸಿ ವಿದ್ಯೆಗೆ ಅಡ್ಡಿಯಾಯಿತೆಂದು ಹೇಳುವವರುಂಟು. ಈ ಮಾತು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ.

ಹೋಲಿಕೆಗಾಗಿ ಯೆಹೂದ್ಯರ ತೋರಾವನ್ನು ನೋಡೋಣ. ತೊಗಲಿನ ಸುರುಳಿಯ ಮೇಲೆ ಕೈಯಿಂದಲೇ ಬರೆದ ಆ ಗ್ರಂಥವನ್ನು ಪ್ರಾರ್ಥನಾಮಂದಿರದ ಮಂಜೂಷದಲ್ಲಿಡುವರು. ಹೊರತೆಗೆಯುವಾಗ ಸಭೆಯೆಲ್ಲ ಎದ್ದು ನಿಲ್ಲುವುದು. ಇಷ್ಟರ ಮಟ್ಟಿಗೆ ನಮ್ಮ ಬಸದಿಯ ರೀತಿಯೇ. ಆದರೆ ಅಲ್ಲಿ ಓದುವುದೇ ಆರಾಧನೆ: ವಾರವಾರವೂ ಒಂದೊಂದು ಭಾಗದಂತೆ ವರ್ಷದಲ್ಲಿ ಇಡೀ ಗ್ರಂಥ ಮುಗಿಯಬೇಕು. ಒಂದಕ್ಷರ ಬಿಟ್ಟುಹೋಗಿದ್ದರೂ, ತಿದ್ದುವ ತನಕ ಆ ಸುರುಳಿ ಸಭಾಪಠನಕ್ಕೆ ಸಲ್ಲದು. ಸವೆದ ಬರಹವನ್ನು ಕೂಡ, ದೇವನಾಮವಿದ್ದೀತೆಂದು, ನಾಶಮಾಡದೆ ಗೆನಿಜಾ ಎಂಬ ಕೋಣೆಯಲ್ಲಿಡುವರು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ದೊರೆತುದು ಕೈರೋ ನಗರದ ಇಂಥ ಕೋಣೆಯಲ್ಲಿಯೇ. ಶಾಸ್ತ್ರಭಕ್ತಿಯ ಮರೆಯಲ್ಲಿ ಅಡಕೆಯ ಲೆಕ್ಕವೂ ಉಳಿಯಿತು!

ಓದದೆ ಕಾಯ್ದಿಟ್ಟುದೂ ವ್ಯರ್ಥವಲ್ಲವೆಂಬುದಕ್ಕೆ ಧವಳೆಯೇ ಸಾಕ್ಷಿ. 19ನೆಯ ಶತಮಾನದ ಕೊನೆಯಲ್ಲಿ ಮೂಡಬಿದಿರೆಯಲ್ಲಿ ಪ್ರತಿ ತೆಗೆಯುವ ಕಾರ್ಯ ಮೊದಲಾಯಿತು. ನಕಲುಗಾರರಲ್ಲೊಬ್ಬರಾದ ಗಜಪತಿ ಉಪಾಧ್ಯಾಯರು ಗುಪ್ತವಾಗಿ ಮಾಡಿಕೊಂಡ ಪ್ರತಿ ಸಹಾರನಪುರಕ್ಕೆ ಹೋಗಿ, ಅಲ್ಲಿಂದ ಪ್ರತಿಯ ಪ್ರತಿಗಳು ಹಬ್ಬಿದವು. ಪ್ರೊ. ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಮರಾವತಿಯಿಂದ ಪ್ರಕಟಿಸಿದುದು ಇಂಥ ಪ್ರತಿಗಳ ಆಧಾರದಿಂದ. ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಹೇಳುವ 93ನೆಯ ಸೂತ್ರದಲ್ಲಿ ‘ಸಂಜದ’, ಅಂದರೆ ಸಂಯತ, ಎಂಬ ಪದ ಬಿಟ್ಟುಹೋಗಿರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಊಹೆ ಚಿಕ್ಕದು, ಪರಿಣಾಮ ದೊಡ್ಡದು. ದಿಗಂಬರ ಮತವು ಸ್ತ್ರೀಮುಕ್ತಿಯನ್ನು ಒಪ್ಪುವುದಿಲ್ಲ. ಆ ಪದವಿದ್ದರೆ ಸ್ತ್ರೀಗೂ ಮುನಿಯ ಸಂಯಮ ಸಾಧ್ಯವೆಂದು ಆಗಮವೇ ನುಡಿದಂತಾಗುವುದು. ಪಂಡಿತರಲ್ಲಿ ತೀವ್ರ ವಿವಾದವೆದ್ದಿತು. ಕಡೆಗೆ ಮೂಡಬಿದಿರೆಯ ಮೂಲ ಗರಿಯೊಡನೆ ತಾಳೆ ನೋಡಲಾಗಿ ಆ ಪದ ಅಲ್ಲಿ ಇದ್ದೇ ಇತ್ತು.

ಇಲ್ಲಿಯ ‘ಸ್ತ್ರೀ’ ಶರೀರದಿಂದಲ್ಲ, ಭಾವದಿಂದ ಸ್ತ್ರೀಯಾದವಳು ಎಂದು ಸಂಪ್ರದಾಯಸ್ಥರು ಅರ್ಥೈಸಿದರು. ಆ ವ್ಯಾಖ್ಯೆ ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸುವ ಅಧಿಕಾರ ಇತಿಹಾಸದ ವಿದ್ಯಾರ್ಥಿಗಳಾದ ನಮಗಿಲ್ಲ. ಆದರೆ ಪದವನ್ನೇ ಒಲ್ಲದವರ ನಿಲುವನ್ನು ನಾವು ಒಪ್ಪಲಾರೆವು. ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಯೆಂದು, ನಾವು ಪೂಜಿಸುವುದು ಆಗಮವು ಅಕ್ಷರಕ್ಕಿಳಿದ ದಿನವನ್ನಲ್ಲವೆ? ಪೂಜೆಗೊಂಡ ಗರಿಯಲ್ಲಿರುವ ಅಕ್ಷರ ಮುದ್ರಿತ ಪುಸ್ತಕದಲ್ಲಿಯೂ ಇರಬೇಕು; ಅದರ ಅರ್ಥದ ಚರ್ಚೆ ಆಮೇಲಿನದು.