ಹಳೆಯ ಸಂಸ್ಕಾರಕ: ಹೆಸರನ್ನು ನಂಬಬಹುದೇ?

ಕಡಿಮೆ ಖರ್ಚಿನಲ್ಲಿ ಗಣಕವೊಂದನ್ನು ಜೋಡಿಸಬೇಕೆಂದು ಜಮಖಂಡಿ, ಮುಧೋಳ, ಬೀಳಗಿ ಅಥವಾ ರಬಕವಿ-ಬನಹಟ್ಟಿಯ ವಿದ್ಯಾರ್ಥಿ ಬಳಸಿದ ಬಿಡಿಭಾಗಗಳನ್ನು ವಿಚಾರಿಸುತ್ತಾನೆ ಎನ್ನಿ. "ಐ7 ಐತ್ರೀ, ತಗೊಂಡ ಹೋಗ್ರಿ" ಎಂಬ ಮಾತು ಕೇಳಿಬಂದರೆ ಹಣ ಕೊಟ್ಟುಬಿಡಬಹುದೇ? ಮುಧೋಳ ನಾಯಿಯನ್ನು ಕೊಳ್ಳುವವರು ಬರೀ ಹೆಸರು ಕೇಳಿ ಕೊಳ್ಳುವುದಿಲ್ಲ. ಉದ್ದನೆಯ ತಲೆ, ಆಳವಾದ ಎದೆ, ಸಪೂರ ಸೊಂಟ ನೋಡುತ್ತಾರೆ. ನೇಕಾರರು ನೂಲಿನ ಕೌಂಟ್ ಕೇಳುತ್ತಾರೆ. ಸಂಸ್ಕಾರಕದ ವಿಷಯದಲ್ಲಿ ಮಾತ್ರ ನಾವು ಹೆಸರಿಗೆ ಮರುಳಾಗುತ್ತೇವೆ.

ಇಂಟೆಲ್‌ನ ‘ಕೋರ್ ಐ7’ ಎಂಬ ಹೆಸರು ಬಂದದ್ದು 2008ರಲ್ಲಿ. 2010ರ ಐ7-620ಎಂನಲ್ಲಿ ಇರುವುದು 2 ಕೋರ್‌ಗಳು. 2017ರ ಐ3-8100ರಲ್ಲಿ 4. ಆದ್ದರಿಂದ ಪೂರ್ಣ ಸಂಖ್ಯೆ ಹೇಳದ ‘ಐ7’ ಏನನ್ನೂ ಹೇಳಿದಂತಾಗಲಿಲ್ಲ.

ಎರಡನೆಯ ಸಾಕ್ಷ್ಯ ಲೋಹದ ಮುಚ್ಚಳದ ಮೇಲಿನ ಬರಹ. ಇಂಟೆಲ್ ಸಂಸ್ಕಾರಕಗಳ ಮೇಲೆ ಸಾಮಾನ್ಯವಾಗಿ ‘ಎಸ್’ನಿಂದ ಆರಂಭವಾಗುವ ಐದಕ್ಷರದ ಸಂಕೇತವಿರುತ್ತದೆ. ಅದರ ಬದಲು ‘ಕ್ಯೂ’ನಿಂದ ಆರಂಭವಾಗುವ ಸಂಕೇತವೂ ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂಬ ಬರಹವೂ ಇದ್ದರೆ ಅದು ಪರೀಕ್ಷಾರ್ಥ ಮಾದರಿ, ಮಾರಾಟಕ್ಕಾಗಿ ತಯಾರಾದದ್ದಲ್ಲ. ಈ ಬರಹವೂ ಅಂತಿಮವಲ್ಲ. ಅಗ್ಗದ ಪೆಂಟಿಯಂಗಳ ಬರಹವನ್ನು ಅಳಿಸಿ, ಹೆಚ್ಚಿನ ವೇಗದ್ದೆಂದು ಬರೆದು ಮಾರಿದ ಮೋಸ 1990ರ ದಶಕದಲ್ಲೇ ನಡೆದಿದೆ.

ಮೂರನೆಯದು ಸಂಸ್ಕಾರಕದ ಸ್ವಂತ ಉತ್ತರ. 1993ರ ಪೆಂಟಿಯಂ ಕಾಲದಿಂದ ಸಂಸ್ಕಾರಕಗಳಲ್ಲಿ ‘ಸಿಪಿಯುಐಡಿ’ ಎಂಬ ಆದೇಶವಿದೆ. ಪ್ರಶ್ನೆ ಕೇಳಿದರೆ ಅದು ತಯಾರಕರ ಹೆಸರನ್ನೂ ಒಂದು ಸಂಖ್ಯೆಯನ್ನೂ ಹಿಂದಿರುಗಿಸುತ್ತದೆ. 1067ಎ ಎಂಬ ಷೋಡಶಮಾನ ಸಂಖ್ಯೆ ಬಂತೆನ್ನಿ. ಬಲದಿಂದ ಓದಿ: ಎ, ಅಂದರೆ 10, ಪರಿಷ್ಕರಣೆಯ ಸಂಖ್ಯೆ, 7 ಮಾದರಿಯ ಕೆಳ ಅಂಕ, 6 ಕುಟುಂಬ, ಎಡತುದಿಯ 1 ಮಾದರಿಯ ಮೇಲಂಕ. ಮಾದರಿ = 1×16 + 7 = 23. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂಬ ಆದೇಶ ಕೊಟ್ಟರೆ ಇದೇ 6, 23, 10 ಕಾಣುತ್ತವೆ.

ಇಲ್ಲೂ ಒಂದು ತೊಡಕಿದೆ. ಕೋರ್ 2 ಕ್ವಾಡ್ ಕ್ಯೂ9650ರ ಸಂಖ್ಯೆ 1067ಎ. ಎಸ್‌ಎಲ್‌ಬಿಬಿಎಂ ಸಂಕೇತದ ಜಿಯಾನ್ ಇ5450ರದ್ದೂ ಅದೇ. ಎರಡರಲ್ಲೂ 4 ಕೋರ್, 3 ಗಿಗಾಹರ್ಟ್ಸ್, 12 ಎಂಬಿ ಕ್ಯಾಷ್ ಇವೆ. ಜಿಯಾನ್ ಸರ್ವರ್‌ಗಳಿಗಾಗಿ ಮಾಡಿದ್ದು, 771 ಸಂಪರ್ಕಗಳ ಸಾಕೆಟ್ಟಿನದು. ಎರಡು ಸಂಪರ್ಕಗಳನ್ನು ಅದಲುಬದಲು ಮಾಡುವ ಪುಟ್ಟ ಸ್ಟಿಕ್ಕರ್ ಅಂಟಿಸಿ, ಅಂಚಿನಲ್ಲಿ ಹೊಸ ಕಚ್ಚು ಕೊರೆದು, ಅದನ್ನು 775ರ ಸಾಕೆಟ್ಟಿಗೆ ಕೂರಿಸುತ್ತಾರೆ. ಮದರ್‌ಬೋರ್ಡಿನ ಬಯಾಸ್ ಅದನ್ನು ಗುರುತಿಸದಿದ್ದರೆ ಗಣಕ ಸರಿಯಾಗಿ ನಡೆಯದಿರಬಹುದು. ಹೀಗಾಗಿ ಯಾವ ಒಂದೇ ಸಾಕ್ಷ್ಯವೂ ಸಾಲದು. ಮುಚ್ಚಳದ ಸಂಕೇತ, ಸಿಪಿಯುಐಡಿ ಸಂಖ್ಯೆ, ಕೋರ್ ಮತ್ತು ಕ್ಯಾಷ್‌ಗಳ ಲೆಕ್ಕ ಒಂದಕ್ಕೊಂದು ಹೊಂದಿದಾಗಲೇ ಗುರುತು ಖಚಿತ. ವಿಂಡೋಸ್ ತೋರಿಸುವ ಹೆಸರನ್ನೊಂದೇ ನೆಚ್ಚಬೇಡಿ. ರಿಜಿಸ್ಟ್ರಿಯಲ್ಲಿ ಅದನ್ನು ತಿದ್ದಲು ಸಾಧ್ಯ.

ಗುರುತು ಸಿಕ್ಕಮೇಲೆ ಬೆಲೆಯ ಮಾತು. ಈ ಜಿಯಾನ್‌ನಲ್ಲಿ ಎಸ್‌ಎಸ್‌ಇ 4.2 ಆದೇಶಗಳಿಲ್ಲ. ಆದ್ದರಿಂದ 2024ರ ವಿಂಡೋಸ್ 11, 24ಎಚ್2 ಆವೃತ್ತಿ ಇದರಲ್ಲಿ ನಡೆಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕಿ ಪ್ರೋಗ್ರಾಮಿಂಗ್ ಕಲಿಯಲು, ಬೆರಳಚ್ಚಿಗೆ ಇದು ಸಾಕು. ಅಷ್ಟಕ್ಕೆ ತಕ್ಕ ಬೆಲೆ ಕೊಟ್ಟರೆ ನಷ್ಟವಿಲ್ಲ. ‘ಹೊಸದರಂತೆಯೇ’ ಎಂಬ ಬೆಲೆ ಕೊಟ್ಟರೆ ಮನೆಯವರು ಕೂಡಿಟ್ಟ ಹಣ ವ್ಯರ್ಥ.

ಮಾರುವವರನ್ನಷ್ಟೇ ದೂರಿದರೆ ಸಾಲದು. ಸಂಸ್ಕಾರಕ ಎಂದರೆ ‘ಗಣಕದ ಮಿದುಳು’ ಎಂಬ ಒಂದು ಸಾಲು ಬರೆದರೆ ನಮ್ಮ ತರಗತಿಗಳಲ್ಲಿ ಅಂಕ ಸಿಗುತ್ತದೆ. ಪದವಿಪೂರ್ವ ವಿದ್ಯಾರ್ಥಿ ಷೋಡಶಮಾನವನ್ನು ದಶಮಾನಕ್ಕೆ ತಿರುಗಿಸುವ ಲೆಕ್ಕಗಳನ್ನು ಪುಟಗಟ್ಟಲೆ ಮಾಡುತ್ತಾನೆ. ಆದರೆ ಅದೇ ಲೆಕ್ಕ ತನ್ನ ಮುಂದಿನ ಯಂತ್ರದ ಗುರುತು ಹೇಳುತ್ತದೆಂದು ಅವನಿಗೆ ಯಾರೂ ತೋರಿಸುವುದಿಲ್ಲ. ಶಿಕ್ಷಕರೇ, ನಿಮ್ಮ ಪ್ರಯೋಗಾಲಯದ ಮೂಲೆಯಲ್ಲಿ ಕೆಟ್ಟ ಗಣಕವೊಂದು ಇದ್ದೀತು. ವಿದ್ಯುತ್ ಸಂಪರ್ಕ ತೆಗೆದು ಅದನ್ನು ಬಿಚ್ಚಿಸಿ, ಸಾಕೆಟ್ಟಿನ ಸೂಕ್ಷ್ಮ ಪಿನ್ನುಗಳಿಗೆ ಬೆರಳು ತಾಗದಂತೆ ಸಂಕೇತವನ್ನು ಬರೆದುಕೊಳ್ಳಲು ಹೇಳಿ. ನಡೆಯುತ್ತಿರುವ ಇನ್ನೊಂದು ಗಣಕದಲ್ಲಿ ಕುಟುಂಬ, ಮಾದರಿ, ಪರಿಷ್ಕರಣೆಗಳನ್ನು ಓದಿಸಿ. ಒಂದು ಪೀರಿಯಡ್ ಸಾಕು.