ಜಮೆ ಕೊಡದಿರುವುದೂ ದಿಗ್ಬಂಧನವೇ

ಅಮೆರಿಕದ ಷೇರುಗಳನ್ನಿಟ್ಟುಕೊಂಡ ಬೆಂಗಳೂರಿನ ಸಾಫ್ಟ್‌ವೇರ್ ನೌಕರರಿಗೆ ಈ ಲೆಕ್ಕ ಗೊತ್ತು. ಡಿವಿಡೆಂಡ್‌ನಲ್ಲಿ ಶೇ 25ರಷ್ಟನ್ನು ಅಮೆರಿಕ ಮೊದಲೇ ಹಿಡಿದುಕೊಳ್ಳುತ್ತದೆ. ನಿಗದಿತ ಫಾರ್ಮ್ ತುಂಬಿದರೆ, ಅಲ್ಲಿ ಕಟ್ಟಿದ ತೆರಿಗೆ ಇಲ್ಲಿ ಜಮೆಯಾಗುತ್ತದೆ. ಒಂದೇ ಗಳಿಕೆಗೆ ಎರಡು ಬೊಕ್ಕಸಗಳು ಪೂರ್ತಿ ಕೈಯಿಡಬಾರದು ಎಂಬ ನ್ಯಾಯವಿದು. ಅಮೆರಿಕ ತನ್ನವರಿಗೆ 1918ರಲ್ಲೇ ಇದನ್ನು ಒದಗಿಸಿತ್ತು. ಇದೇ ಜಮೆಯನ್ನು ಕಿತ್ತುಕೊಂಡು ಒಂದು ಕ್ರೂರ ಸರ್ಕಾರವನ್ನು ಮಣಿಸಬಹುದೇ? ದಕ್ಷಿಣ ಆಫ್ರಿಕಾದ ವಿಷಯದಲ್ಲಿ ಅದು ನಡೆದಿದೆ. ಆ ಪ್ರಯೋಗಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

1986ರಲ್ಲಿ ಅಧ್ಯಕ್ಷ ರೇಗನ್ ಅವರ ವೀಟೊ ಮೀರಿ ಅಮೆರಿಕದ ಸಂಸತ್ತು ವರ್ಣಭೇದ ವಿರೋಧಿ ಕಾನೂನು ತಂದಿತು. ದಕ್ಷಿಣ ಆಫ್ರಿಕಾದಲ್ಲಿ ಅಮೆರಿಕದ ಹೊಸ ಹೂಡಿಕೆ ನಿಂತಿತು. ಹಳೆಯ ಕಾರ್ಖಾನೆಗಳು ನಡೆಯುತ್ತಲೇ ಇದ್ದವು. ಮರುವರ್ಷ ನ್ಯೂಯಾರ್ಕಿನ ಹಾರ್ಲೆಮ್‌ನ ಪ್ರತಿನಿಧಿ ಚಾರ್ಲ್ಸ್ ರ‍್ಯಾಂಗಲ್ ಬಜೆಟ್ ಮಸೂದೆಯೊಳಗೆ ಒಂದು ತಿದ್ದುಪಡಿ ಸೇರಿಸಿದರು: ದಕ್ಷಿಣ ಆಫ್ರಿಕಾಕ್ಕೆ ಕಟ್ಟಿದ ತೆರಿಗೆಗೆ ಇನ್ನು ಜಮೆಯಿಲ್ಲ. ಡಿಸೆಂಬರ್‌ನಲ್ಲಿ ಅದಕ್ಕೆ ಸಹಿ ಹಾಕಿದವರೂ ರೇಗನ್ ಅವರೇ.

ಲೆಕ್ಕ ನೋಡಿ. 100 ಡಾಲರ್ ಲಾಭಕ್ಕೆ ಅಲ್ಲಿ 50 ಡಾಲರ್ ಕಂಪನಿ ತೆರಿಗೆ, ಉಳಿದದ್ದನ್ನು ಲಾಭಾಂಶವಾಗಿ ಹೊರಗೆ ತರುವಾಗ ಇನ್ನೂ 7.50. ಆಗ ಅಮೆರಿಕದ ದರ ಶೇ 34. ಅಲ್ಲಿ ಕಟ್ಟಿದ್ದೇ ಅದಕ್ಕಿಂತ ಹೆಚ್ಚಾದ್ದರಿಂದ, ಈ ಲಾಭದಿಂದ ವಾಷಿಂಗ್ಟನ್ನಿಗೆ ಬಿಡಿಗಾಸೂ ಬರುತ್ತಿರಲಿಲ್ಲ. ಜಮೆ ಹೋದ ಮೇಲೆ ಉಳಿದ 42.50ರ ಮೇಲೂ ಶೇ 34 ಬಿತ್ತು. ಒಟ್ಟು ಹೊರೆ ಶೇ 57.5ರಿಂದ ಸುಮಾರು 72ಕ್ಕೆ ಏರಿತು. 1989ರಲ್ಲಿ, ಅಲ್ಲಿ ಉಳಿದಿದ್ದ ಅಮೆರಿಕನ್ ಕಂಪನಿಗಳಲ್ಲೇ ದೊಡ್ಡದಾದ ತೈಲ ಕಂಪನಿ ಮೊಬಿಲ್ ಗಂಟುಮೂಟೆ ಕಟ್ಟಿತು. ಈ ತೆರಿಗೆಯನ್ನೇ ಅದು ಕಾರಣವಾಗಿ ಹೇಳಿತು.

ನನಗೆ ಈ ಅಸ್ತ್ರ ಒಪ್ಪಿಗೆಯಾಗುವುದು ಅದರ ನೈತಿಕ ನೆಲೆಯಿಂದ. ದಕ್ಷಿಣ ಆಫ್ರಿಕಾದ ರಾಜಧಾನಿ ಪ್ರಿಟೋರಿಯಾಕ್ಕೆ ಸಂದ ತೆರಿಗೆಯಿಂದ ಅಲ್ಲಿನ ಪೊಲೀಸರಿಗೆ, ಕರಿಯರ ಓಡಾಟವನ್ನು ನಿಯಂತ್ರಿಸುತ್ತಿದ್ದ ಪಾಸ್ ಕಚೇರಿಗಳಿಗೆ, ಜೈಲುಗಳಿಗೆ ಹಣ ಹೋಗಿತ್ತು. ಆ ತೆರಿಗೆಯನ್ನು ಜಮೆ ಹಿಡಿದಷ್ಟು ಕಾಲವೂ ಅಮೆರಿಕದ ಬೊಕ್ಕಸ ತನ್ನ ಪಾಲನ್ನು ಆ ಸರ್ಕಾರಕ್ಕಾಗಿ ಬಿಟ್ಟುಕೊಟ್ಟ ಹಾಗೆಯೇ. ಜಮೆ ನಿಲ್ಲಿಸುವುದೆಂದರೆ ಈ ಪಾಲುಗಾರಿಕೆಯಿಂದ ಹಿಂದೆ ಸರಿಯುವುದು. ಯಾರ ಅನ್ನವನ್ನೂ ಔಷಧವನ್ನೂ ಇದು ನೇರವಾಗಿ ತಡೆಯುವುದಿಲ್ಲ. ಉಳಿಯಬೇಕೆನ್ನುವ ಕಂಪನಿ ಉಳಿಯಬಹುದು, ಬೆಲೆ ತೆತ್ತು.

ಆದರೂ ಮೊಬಿಲ್‌ನ ನಿರ್ಗಮನ ನನ್ನನ್ನು ಕಾಡುತ್ತದೆ. ಅದರ ಆಸ್ತಿಯನ್ನು ಸುಮಾರು 150 ಮಿಲಿಯನ್ ಡಾಲರಿಗೆ ಕೊಂಡದ್ದು ಅಲ್ಲಿನದೇ ಗಣಿ ದೈತ್ಯ ಜೆನ್ಕಾರ್. ಪೆಟ್ರೋಲ್ ಬಂಕುಗಳು ಮುಚ್ಚಲಿಲ್ಲ, ಎಣ್ಣೆ ಶುದ್ಧೀಕರಣ ನಿಲ್ಲಲಿಲ್ಲ. ಎಂಜೆನ್ ಎಂಬ ಹೊಸ ಹೆಸರಿನಲ್ಲಿ ವ್ಯಾಪಾರ ಮುಂದುವರಿಯಿತು. ವರ್ಣಭೇದದ ನೆರಳಲ್ಲಿ ಬೆಳೆದ ಬಿಳಿಯರ ಬಂಡವಾಳಕ್ಕೆ ಇನ್ನೊಂದು ಆಸ್ತಿ ಸೇರಿತು. ಯಾರು ಹೊರಡಬೇಕು ಎಂದು ಯೋಚಿಸಿದ ಕಾನೂನು, ಬಿಟ್ಟುಹೋದದ್ದು ಯಾರ ಕೈಸೇರಬೇಕು ಎಂಬ ಬಗ್ಗೆ ಒಂದು ಮಾತೂ ಆಡಲಿಲ್ಲ. ಇದು ಸಣ್ಣ ಲೋಪವಲ್ಲ. ವರ್ಣಭೇದ ಕುಸಿದದ್ದು ಈ ತೆರಿಗೆಯಿಂದ ಎಂದೂ ನಾನು ಹೇಳಲಾರೆ. ಅಲ್ಲಿನ ಜನರ ಹೋರಾಟ ಮೊದಲು. 1985ರಲ್ಲಿ ವಿದೇಶಿ ಬ್ಯಾಂಕುಗಳು ಸಾಲ ಮುಂದುವರಿಸಲು ಒಲ್ಲೆವೆಂದದ್ದು ಇದಕ್ಕಿಂತ ದೊಡ್ಡ ಪೆಟ್ಟು.

ಇನ್ನೊಂದು ದೋಷ ಇಂದಿಗೂ ಇದೆ. ಇರಾನ್, ಉತ್ತರ ಕೊರಿಯಾಗಳಿಗೆ ಅನ್ವಯಿಸುವ, ಹೀಗೆಯೇ ಜಮೆ ತಡೆಯುವ 1986ರ ಇನ್ನೊಂದು ನಿಯಮ ಕಂಪನಿಗೂ ವ್ಯಕ್ತಿಗೂ ಭೇದ ಮಾಡುವುದಿಲ್ಲ. ಟೆಹರಾನಿನಲ್ಲಿ ತಂದೆಯ ಮನೆಯನ್ನು ಬಳುವಳಿಯಾಗಿ ಪಡೆದ ಅಮೆರಿಕದ ಪ್ರಜೆಯೊಬ್ಬಳು ಅದರ ಬಾಡಿಗೆಗೆ ಅಲ್ಲಿ ಕಟ್ಟಿದ ತೆರಿಗೆಗೆ ಜಮೆ ಕೇಳುವಂತಿಲ್ಲ. ಆಕೆ ಯಾವ ಆಡಳಿತವನ್ನು ಪೋಷಿಸಲು ಹೊರಟವಳು? ತಾನು ಹುಟ್ಟಿದ ಮನೆಯನ್ನು ಮಾರಿ ಬಾ ಎಂದು ಆಕೆಗೆ ಹೇಳುವುದು ಅನ್ಯಾಯ. ವ್ಯಕ್ತಿಗಳನ್ನು ಈ ನಿಯಮದಿಂದ ಹೊರಗಿಡಬೇಕು.

ಬಳಸಬೇಕಾದಲ್ಲಿ ಮಾತ್ರ ಈ ಅಸ್ತ್ರ ಕೈಗೆ ಬರುತ್ತಿಲ್ಲ. ಉಕ್ರೇನಿನ ಮೇಲೆ ಯುದ್ಧ ನಡೆಸುತ್ತಿರುವ ರಷ್ಯಾಕ್ಕೆ ಕಟ್ಟಿದ ತೆರಿಗೆಗೆ ಜಮೆ ನಿಲ್ಲಿಸಬೇಕೆಂಬ ಪ್ರಸ್ತಾವ 2022ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂತು. ಅದು ಕಾನೂನಾಗಲಿಲ್ಲ.