ವಾತ್ಸಲ್ಯವೂ ನಿರೀಕ್ಷೆಯೂ

ಪ್ರಿಯಜನರ ಅಗಲಿಕೆಯಿಂದ ಹುಟ್ಟುವ ದುಃಖವನ್ನು ಭರತಮುನಿಯು ಎರಡು ಬಗೆಯಾಗಿ ಕಂಡಿರುವನು. ಮತ್ತೆ ಕೂಡುವೆವೆಂಬ ಆಸೆಯು ಉಳಿದಿದ್ದರೆ ಅದು ವಿಪ್ರಲಂಭ; ಆಸೆಯ ಎಳೆಯೇ ಕಡಿದುಹೋಗಿದ್ದರೆ ಅದು ಕರುಣ. ಮೊದಲನೆಯದು ಸಾಪೇಕ್ಷ, ಎರಡನೆಯದು ನಿರಪೇಕ್ಷ. ವಿಂಗಡಣೆಯೇನೋ ಸೂಕ್ಷ್ಮವಾದುದೇ. ಆದರೆ ವಿಪ್ರಲಂಭವನ್ನು ಶೃಂಗಾರದ ಮನೆಯೊಳಗೇ ಇರಿಸಿದ್ದರಿಂದ, ಆಸೆಯನ್ನು ಬಿಡಲಾರದೆ ಗಳಿಗೆಗಳಿಗೆಗೂ ನಡುಗುತ್ತಿರುವ ತಾಯಿತಂದೆಯರ ಮನಸ್ಸಿಗೆ ಶಾಸ್ತ್ರದಲ್ಲಿ ಎಡೆಯಿಲ್ಲದಂತಾಯಿತು. 14ನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ವತ್ಸಲವನ್ನೂ ರಸವೆಂದು ಒಪ್ಪಿ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದನು. ಮಗುವಿಗೆ ಕೇಡಾದೀತೆಂಬ ಅನಿಷ್ಟಶಂಕೆಯನ್ನು ಕೂಡ ಅವನು ಮರೆಯಲಿಲ್ಲ. ಆದರೆ ಅದನ್ನು ಎಣಿಸಿದ್ದು ಹರ್ಷ, ಗರ್ವಗಳ ಜೊತೆಗೆ, ಸಂಚಾರಿಭಾವಗಳ ಸಾಲಿನಲ್ಲಿ. ಬಂದು ಹೋಗುವ ಭಾವವೆಂದು.

ಬಂದ ಶಂಕೆಯು ಹೋಗದೆ ನಿಂತರೆ ಏನೆನ್ನಬೇಕು? ಈ ಪ್ರಶ್ನೆಯು ಶಾಸ್ತ್ರಿಗಳ ಹರಟೆಯಲ್ಲ. ಇಂದು ನಾಗಮಂಗಲದ ಕಡೆಯ ಒಂದು ಸಂಸಾರವು ಮಗುವಿನ ಅಸ್ಥಿಮಜ್ಜೆಯ ಕಸಿಗಾಗಿ ಬೆಂಗಳೂರಿಗೆ ಹೋಯಿತೆನ್ನೋಣ. (ಮಜ್ಜೆಯೆಂಬ ಮಾತು ನಮಗೆ ಹೊಸದಲ್ಲ, ಆಯುರ್ವೇದದ ಸಪ್ತಧಾತುಗಳಲ್ಲಿ ಅದು ಆರನೆಯದು.) ಭಾರತದಲ್ಲಿ ಈ ಚಿಕಿತ್ಸೆಯು ಮೊದಲಾದುದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಹೆಸರು ಕಸಿಯಾದರೂ ಮಗುವಿನ ಮೈಯನ್ನು ಕೊಯ್ಯುವುದಿಲ್ಲ. ಕೆಟ್ಟ ಮಜ್ಜೆಯನ್ನು ತೀಕ್ಷ್ಣವಾದ ಔಷಧಗಳಿಂದ ಬರಿದುಮಾಡಿ, ದಾನಿಯ ಜೀವಕಣಗಳನ್ನು ರಕ್ತ ಕೊಡುವಂತೆಯೇ ನರದ ಮೂಲಕ ಹರಿಯಬಿಡುತ್ತಾರೆ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಹೊಂದಿಕೆಯಾಗುವ ಸಂಭವವು ನಾಲ್ಕರಲ್ಲಿ ಒಂದು ಮಾತ್ರ. ಆಮೇಲೆ ವೈದ್ಯನೂ ಕಾಯತಕ್ಕವನೇ. ಎರಡರಿಂದ ನಾಲ್ಕು ವಾರಗಳವರೆಗೆ ದಿನವೂ ರಕ್ತವನ್ನು ಪರೀಕ್ಷಿಸುತ್ತಾರೆ. ಸೋಂಕನ್ನು ಎದುರಿಸುವ ಬಿಳಿಯ ಕಣಗಳ ಎಣಿಕೆಯು ಒಂದು ಮೈಕ್ರೋಲೀಟರಿಗೆ 500ನ್ನು ಮುಟ್ಟಿ ಮೂರು ದಿನ ಸತತವಾಗಿ ನಿಂತರೆ ಬೇರೂರಿತೆಂದು ತಿಳಿಯುವರು. ಅಷ್ಟಕ್ಕೇ ಮುಗಿಯದು. ಹೊಸ ಕಣಗಳು ಮಗುವಿನ ಮೈಯನ್ನೇ ಹಗೆಯೆಂದು ಬಗೆದಾವೆಂಬ ಭಯವುಂಟು. ಮೈಯಲ್ಲಿರುವ ರಕ್ತವು ದಾನಿಯದೆಷ್ಟು, ಮಗುವಿನದೆಷ್ಟು ಎಂಬ ಪರೀಕ್ಷೆಯುಂಟು. ಮೊದಲಿನ 100 ದಿನಗಳನ್ನು ಬೆರಳೆಣಿಸಿಯೇ ಕಳೆಯಬೇಕು. ಇಲ್ಲಿ ಅನಿಷ್ಟಶಂಕೆಯು ಸಂಚಾರಿಯಲ್ಲ, ಸ್ಥಾಯಿ.

ಇಂತಹ ಸ್ಥಿತಿಯನ್ನು ಕನ್ನಡದ ಕವಿಗಳು ಎಲ್ಲಿ ಮುಟ್ಟಿದ್ದಾರೆ? ಮೊದಲು ನೆನಪಾಗುವವನು ರಾಘವಾಂಕ. ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನು ಕಾಡಿಗೆ ಹೋಗಿದ್ದಾನೆ. ಹೊತ್ತು ಮುಳುಗಿದರೂ ಬಂದಿಲ್ಲ. ಪರರ ಮನೆಯ ತೊತ್ತಾದ ಚಂದ್ರಮತಿಯು ಹಾದಿ ನೋಡುತ್ತಾಳೆ, ಅವಳ ಶಂಕೆಯು ಒಂದು ಹತ್ತಾಗಿ ಬೆಳೆಯುತ್ತದೆ. ಕನ್ನಡದಲ್ಲಿ ತಾಯಿಯ ನಿರೀಕ್ಷೆಯನ್ನು ಇದಕ್ಕಿಂತ ತೀವ್ರವಾಗಿ ತೋರಿದ ಸ್ಥಳವು ವಿರಳ. ಆದರೂ ಒಂದು ಮಾತನ್ನು ಹೇಳಲೇಬೇಕು. ಹಾವು ಕಚ್ಚಿದ್ದನ್ನು ಕವಿಯು ಓದುಗನಿಗೆ ಮೊದಲೇ ಹೇಳಿಬಿಟ್ಟಿದ್ದಾನೆ. ಕಾಯುವವಳು ಅವಳೊಬ್ಬಳೇ; ಓದುಗನು ಕಾಯುವುದಿಲ್ಲ, ಅವಳಿಗಾಗಿ ಮರುಗುತ್ತಾನೆ. ಅವಳ ಪಾಲಿಗೆ ಸಾಪೇಕ್ಷವಾದುದು ಅವನ ಪಾಲಿಗೆ ಆಗಲೇ ನಿರಪೇಕ್ಷ. ಕಸಿಯ ಕೊಠಡಿಯಲ್ಲಿಯಾದರೋ ಎಲ್ಲವನ್ನೂ ಬಲ್ಲ ಕವಿಯಿಲ್ಲ.

ರಂಗಭೂಮಿಯು ಈ ವಿಷಯದಲ್ಲಿ ರಾಘವಾಂಕನಷ್ಟೂ ತಾಳ್ಮೆಯನ್ನು ತೋರಲಿಲ್ಲ. ಮಂಡ್ಯದ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವೆಂದರೆ ಇಂದಿಗೂ ಊರ ಹಬ್ಬವೇ ಸರಿ. ಹರಿಶ್ಚಂದ್ರನ ಕಥೆಯು ನಾಟಕದಿಂದ ಚಲನಚಿತ್ರಕ್ಕೂ ಹೋಗಿ, 1965ರಲ್ಲಿ ರಾಜಕುಮಾರರ ಅಭಿನಯದಿಂದ ಮನೆಮಾತಾಯಿತು. ಆದರೆ ಜನರ ಕಣ್ಣಲ್ಲಿ ನಿಂತಿರುವುದು ಯಾವುದು? ಸ್ಮಶಾನ. ಬಾಗಿಲಲ್ಲಿ ನಿಂತು ಕಾಯುವ ಚಂದ್ರಮತಿಯಲ್ಲ. ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಗೋಳಿಡುವ ಚಂದ್ರಮತಿ. ಕಂದಗಳಿಗೂ ಕಣ್ಣೀರಿಗೂ ಅಲ್ಲಿ ಅವಕಾಶ ಹೆಚ್ಚು. ಸುಮ್ಮನೆ ಕುಳಿತ ಹೆಂಗಸನ್ನು ರಂಗದ ಮೇಲೆ ಎಷ್ಟು ಹೊತ್ತು ಇರಿಸಬಹುದು, ಎಂದು ಮೇಷ್ಟರುಗಳು ಕೇಳಿಯಾರು. ಕೇಳಲಿ.

ಲೋಕದ ಆಚಾರವೂ ಹೀಗೆಯೇ ಇದೆ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನಿಮಿಷಾಂಬೆಯ ಗುಡಿಯುಂಟು. ಬೇಡಿದುದನ್ನು ನಿಮಿಷದಲ್ಲಿ ನಡೆಸಿಕೊಡುವಳೆಂದು ಜನರ ನಂಬುಗೆ. ಅದೇ ಊರ ಪಶ್ಚಿಮವಾಹಿನಿಯು ಅಸ್ಥಿಯನ್ನು ಬಿಡುವ ತೀರ್ಥ. ಹರಕೆಗೊಂದು ಸ್ಥಳ, ಅಳಲಿಗೊಂದು ಸ್ಥಳ. ನಿಮಿಷಕ್ಕೂ ಅಸ್ಥಿಗೂ ನಡುವಣ ನೂರು ದಿನಗಳಿಗೆ ಕಾವೇರಿಯ ದಡದಲ್ಲಿ ಕಟ್ಟೆಯಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರಾದ ಪು.ತಿ.ನ. ಅವರ 'ಗೋಕುಲ ನಿರ್ಗಮನ'ವು ಎಷ್ಟೇ ಹೃದ್ಯವಾದರೂ, ಅಲ್ಲಿಯೂ ಕೃಷ್ಣನು ಹೋಗುವುದು ನಿಶ್ಚಿತ. ಹೆಸರೇ ಅದನ್ನು ಸಾರುತ್ತಿದೆ. ನಿಶ್ಚಯವಾದ ಅಗಲಿಕೆಗೆ ಸಂಗೀತವು ಸುಲಭವಾಗಿ ಒಲಿಯುತ್ತದೆ.

ಬೇಂದ್ರೆಯವರು ಒಂದು ಹೆಜ್ಜೆ ಮುಂದೆ ಹೋದರು. ಮಗುವಿನ ಸಾವನ್ನು ಹಿನ್ನೆಲೆಯಾಗುಳ್ಳ ಅವರ ಪ್ರಸಿದ್ಧವಾದ ಕವಿತೆಯಲ್ಲಿ ಸಾವಿನ ವೃತ್ತಾಂತವಿಲ್ಲ. ಇರುವುದು ಹೆಂಡತಿಯ ನೋಟ, ಆ ನೋಟವನ್ನು ತಾಳಲಾರದ ಗಂಡನ ಮೊರೆ. ಕೇಳಬಾರದ ಪ್ರಶ್ನೆಯೊಂದು ಎರಡು ಜೊತೆ ಕಣ್ಣುಗಳ ನಡುವೆ ನಿಂತಿದೆ. ಕಸಿಯ ಕೊಠಡಿಗೆ ಸಾಮಾನ್ಯವಾಗಿ ಒಬ್ಬರನ್ನೇ ಬಿಡುವರು; ಆ ಒಬ್ಬರು ದಿನದ ಎಣಿಕೆಯ ಕಾಗದವನ್ನು ಹಿಡಿದು ಹೊರಗೆ ಬಂದಾಗ, ಉಳಿದವರು ಮೊದಲು ನೋಡುವುದು ಕಾಗದವನ್ನಲ್ಲ, ಮುಖವನ್ನು. ಆ ಕ್ಷಣವನ್ನು ಬಲ್ಲ ಕನ್ನಡದ ಕವಿತೆ ಇದು. ಶೋಕದ ಕವಿತೆಯೆಂದು ಮಾತ್ರ ಇದನ್ನು ಪಾಠ ಹೇಳುವವರು ಅದರ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಇನ್ನರ್ಧವು ಕೃಷ್ಣರಾಜಪೇಟೆಯ ಕಡೆಯಿಂದ ಬಂದಿತು. 1915ರಲ್ಲಿ ಆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 'ಮೈಸೂರ ಮಲ್ಲಿಗೆ'ಯಿಂದ ದಾಂಪತ್ಯದ ಕವಿಯೆನಿಸಿದರು. ಸುಖವನ್ನು ಮಾತ್ರ ಬಲ್ಲವರೆಂದು ಕೆಲವರು ಮೂಗು ಮುರಿದದ್ದೂ ಉಂಟು. ಅವರ ಜೋಗುಳವೊಂದನ್ನು ನಾಡಿನ ತಾಯಂದಿರೆಲ್ಲ ಹಾಡಿದ್ದಾರೆ. ಅತ್ತು ಹೊರಳುವ ಮಗು, ಬರಬೇಕಾದ ನಿದ್ದೆ, ಇವುಗಳ ನಡುವೆ ಏರದ ಒಂದು ದನಿ. ಲಾಲಿಯೆಂದಷ್ಟೇ ಕೇಳಿದರೆ ಇದು ಸುಖದ ಹಾಡು. ಆದರೆ ಜೋಗುಳದ ಕಟ್ಟನ್ನೇ ಪರಿಶೀಲಿಸಬೇಕು. ಹಾಡುವವಳಿಗೆ ನಿದ್ದೆಯು ಎಂದು ಬರುವುದೋ ತಿಳಿಯದು. ಬರುವುದೆಂದು ಮಗುವಿಗೆ ಹೇಳುತ್ತಲೇ ಇರಬೇಕು. ದನಿಯು ನಡುಗಿದರೆ ಹಾಡು ಕೆಡುತ್ತದೆ. ಆಸೆ ಬಿಡದ ಶಂಕೆಗೆ ಶಾಸ್ತ್ರವು ಕೊಡದ ಆಕಾರವನ್ನು ತೊಟ್ಟಿಲ ಪಕ್ಕದವರು ಎಂದೋ ಕಟ್ಟಿಕೊಂಡಿದ್ದರು. ನರಸಿಂಹಸ್ವಾಮಿಯವರ ಮಿತಭಾಷೆಯನ್ನು ಭಾವದ ಕೊರತೆಯೆಂದವರು ಈ ಹಾಡನ್ನು ಸೋಂಕಿನ ಭಯದಿಂದ ಬಾಗಿಲು ಹಾಕಿದ ಕೊಠಡಿಯಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ತಾಯಿಯ ಬಾಯಲ್ಲಿ ಊಹಿಸಿಕೊಳ್ಳಬೇಕು.

ಕಥೆಗಾರರಿಗೆ ಇನ್ನೊಂದು ವಸ್ತುವು ಕೈಗೆಟುಕುವಂತಿದೆ. ಅಕ್ಕನ ಮಜ್ಜೆಯು ತಮ್ಮನಲ್ಲಿ ಬೇರೂರಿದರೆ, ಅವರ ರಕ್ತದ ಗುಂಪುಗಳು ಬೇರೆಯಾಗಿದ್ದಲ್ಲಿ, ಕಾಲಕ್ರಮದಲ್ಲಿ ಅವನ ಗುಂಪೇ ಅಕ್ಕನದಾಗುತ್ತದೆ. ತವರಿನ ಹೊಳೆ ತಣ್ಣಗಿರಲೆಂದು ಹರಸುವ ಹೆಣ್ಣುಮಕ್ಕಳ ತ್ರಿಪದಿಗಳಿರುವ ಭಾಷೆಯಲ್ಲಿ ಈ ಕಥೆಯನ್ನು ಹೇಳುವುದಕ್ಕೆ ಬೇರೆ ಉಪಮಾನವನ್ನು ಹುಡುಕಬೇಕಾಗಿಲ್ಲ. ಆದರೆ ಹೇಳುವವನು ಫಲಿತಾಂಶದ ದಿನಕ್ಕೆ ಹಾರಬಾರದು. ಎಣಿಕೆಯು 200, 300 ಎಂದು ಏರಿ ಮತ್ತೆ ಇಳಿಯುವ ವಾರದಲ್ಲಿಯೇ ಅವನು ನಿಲ್ಲಬೇಕು.